ಗಳಿಗೆ ಮುರಿದ ಹಸಿರು ಸೀರೆ

ನವಲಿ
9 ಆಗಸ್ಟ್ 2024

ದುರಗೇಶ ಅವರಿಗೆ ಹೇಮಾವತಿಯ ನಮಸ್ಕಾರ.

ನಿಶ್ಚಯವಾದ ಗಂಡಿನ ಹೆಸರು ಹಿಡಿದು ಬರೆದಿದ್ದೇನೆ, ಅವ್ವ ನೋಡಿದರೆ ಬೈಯುತ್ತಾಳೆ. ಬೈಯಲಿ. ಬರೆಯುವುದು ಹತ್ತು ದಿನ ತಡವಾಯಿತು, ತಪ್ಪು ನನ್ನದೇ. ನೀವು ಫೋನ್ ಎತ್ತುತ್ತೀರೇನೋ ಎಂದು ಕಾದೆ. ಕೈಗೆ ಪಟ್ಟಿ ಕಟ್ಟಿದ್ದಾರೆ, ಹೇಗೆ ಎತ್ತಬೇಕು ಪಾಪ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ನಿಮ್ಮವ್ವ ಗಿಣಿಗೇರಾದಿಂದ ಬಂದು ಎಲ್ಲ ಹೇಳಿದರು. ತರಬೇತಿ ವಿಮಾನ ಇಳಿಯುವಾಗ ರನ್‌ವೇ ಬಿಟ್ಟು ಜಾರಿ ಹೊತ್ತಿಕೊಂಡಿತಂತೆ. ಬೆಂಕಿ ಆರಿಸುವ ಗಾಡಿಯಿಂದ ಮೊದಲು ಜಿಗಿದವರು ನೀವಂತೆ. ಪೈಲಟ್‌ನ ಬೆಲ್ಟ್ ಬಿಚ್ಚಲು ಕೈಗವಸು ಅಡ್ಡ ಬಂತೆಂದು ಅದನ್ನೇ ಕಿತ್ತೆಸೆದು ಬರಿಗೈ ಹಾಕಿದಿರಂತೆ. "ಎಣ್ಣಿ ಟಾಕಿ ಸಿಡಿತೈತಿ, ಹಿಂದ ಬಾ ಅಂತ ಸಾಹೇಬ್ರು ಒದರಿದ್ರೂ ಬರಲಿಲ್ಲಂತವ್ವ" ಎಂದು ಅತ್ತರು. ನಾನೂ ಅತ್ತೆ. ಆಮೇಲೆ ಎದ್ದು ಓಣಿಗೆಲ್ಲ ಹೇಳಿಕೊಂಡು ಬಂದೆ.

ಮರುದಿನವೇ ನಮ್ಮಪ್ಪ, "ಈ ಸಂಬಂಧ ಬ್ಯಾಡವ್ವ. ನಿಶ್ಚಯದ ಸೀರಿ ವಾಪಸ್ ಕಳಸೂಣು" ಎಂದ. ಯಾಕೆ ಎಂದೆ. ತಲೆ ತಗ್ಗಿಸಿ, "ಬಲಗೈಯಾಗ ಮೂರ ಬೆರಳು ಉಳದಾವಂತ" ಎಂದ.

"ತಾಳಿಗಿ ಮೂರ ಗಂಟಪ್ಪ, ಮೂರ ಬೆರಳು ಸಾಕು" ಎಂದೆ.

ಗಳಿಗೆ ಮುರಿಯದ, ಒಮ್ಮೆಯೂ ಉಡದ ಸೀರೆಯನ್ನಷ್ಟೇ ಹಿಂದಿರುಗಿಸುವುದು ನಮ್ಮಲ್ಲಿ ರೂಢಿ, ನಿಮಗೂ ಗೊತ್ತು. ಅದಕ್ಕೇ ನಿಶ್ಚಯದ ದಿನ ನಿಮ್ಮವ್ವ ಉಡಿ ತುಂಬಿ ಕೊಟ್ಟ ಆ ಹಸಿರು ಇಳಕಲ್ ಸೀರೆಯನ್ನೇ ಸೋಮವಾರ ಉಟ್ಟು, ಕಚ್ಚೆ ಬಿಗಿದು ಭತ್ತದ ನಾಟಿಗೆ ಇಳಿದೆ. ಮೊಣಕಾಲಮಟ ಕೆಸರು. ಜೊತೆಗೆ ನಾಟಿ ಹಚ್ಚುತ್ತಿದ್ದ ಅಮೀನಾಬೀ, "ಹುಚ್ಚಿ! ಇಂಥಾ ಸೀರಿ ಉಟ್ಕೊಂಡು ಗದ್ದಿಗಿ ಬರ್ತಾರೇನ?" ಎಂದು ಬೈದು, ಆಮೇಲೆ ಸಂಗತಿ ತಿಳಿದು ತಾನೇ ನನ್ನ ಸೆರಗಿಗೆ ಒಂದು ಹಿಡಿ ಕೆಸರು ಬಳಿದಳು. ಈಗ ವಾಪಸ್ ಕಳಿಸಲಿ, ನೋಡೋಣ!

ಬುಧವಾರ ನಿಮ್ಮವ್ವನ ಜೊತೆ ನೀವಿರುವ ಆಸ್ಪತ್ರೆಗೆ ಹೊರಡುತ್ತೇನೆ. ಅದೇ ಸೀರೆಯಲ್ಲಿ ಬರುತ್ತೇನೆ, ಕಲೆ ಹೋಗಿಲ್ಲ. ಹೊತ್ತಿಗೆ ಸರಿಯಾಗಿ ಔಷಧ ತಗೊಳ್ಳಿ. ಗವಿಸಿದ್ದಜ್ಜ ನಿಮ್ಮನ್ನು ಕಾಯಲಿ.

ನಿಮ್ಮವಳೇ,
ಹೇಮಾವತಿ

ತಾ.ಕ.: ಮರೆತಿದ್ದೆ ಎಂದು ಸುಳ್ಳು ಹೇಳಲಾರೆ, ಬರೆಯಲು ಕೈ ಬಂದಿರಲಿಲ್ಲ. ಕೆಸರಾದ ಸೀರೆ ನೋಡಿ ಅಪ್ಪ ಅತ್ತುಬಿಟ್ಟ. "ಬ್ಯಾಡ ಅಂದಾಂವ ನಾ ಅಲ್ಲವ್ವ. ಹುಡುಗ ತಾನಾಗೇ ಫೋನ್ ಮಾಡಿಸಿ, ನಿಮ್ಮ ಮಗಳಿಗೆ ಬ್ಯಾರೆ ವರಾ ನೋಡ್ರಿ ಅಂದಾನ. ನಾ ಹೇಳೇನಂತ ಆಕಿಗೆ ಹೇಳಬ್ಯಾಡ್ರಿ ಅಂತ ಆಣಿ ಹಾಕ್ಯಾನ" ಎಂದ. ಗುರುತೇ ಇಲ್ಲದ ಪೈಲಟ್‌ನನ್ನು ಬಿಟ್ಟು ಬಾ ಎಂದು ಒದರಿದರೂ ನೀವು ಬಿಡಲಿಲ್ಲ. ನನ್ನನ್ನು ಹೇಗೆ ಬಿಟ್ಟಿರಿ?