ಕೆಂಪು ಗೆರೆಯ ವಿಮಾನ

ಅಪ್ಪಾಜಿ,

ನಿಮ್ಮ ಗೆಳೆಯ ವಿಶ್ವನಾಥ್ ಅಂಕಲ್ ಮರ್ಯಾದೆಯನ್ನು ಎಲ್ಲರ ಮುಂದೆ ತೆಗೆದೆ. ಮೊದಲು ಇದನ್ನು ಹೇಳಿಬಿಡುತ್ತೇನೆ, ಬೈಯುವುದಾದರೆ ಆಮೇಲೆ ಬೈಯಿರಿ.

ಹೋದ ವರ್ಷ ನೀವು ತೀರಿಹೋದ ಮೇಲೆ, ಶಿವಗಣಾರಾಧನೆಯ ದಿನ, ಚಾಮರಾಜಪೇಟೆಯ ಮನೆಯಲ್ಲಿ ಊಟಕ್ಕೆ ಎಲೆ ಹಾಕಿತ್ತು. ಅಂಕಲ್ ನಿಮ್ಮ ಗಾಜಿನ ಬೀರು ತೆಗೆದು ಸೂಪರ್ ಕಾನ್‌ಸ್ಟಲೇಷನ್ ಕೈಗೆತ್ತಿಕೊಂಡರು. ಗೇಣುದ್ದದ ಲೋಹದ ಮಾದರಿ ವಿಮಾನ, ನಾಲ್ಕು ಫ್ಯಾನು, ನಿಮ್ಮ ಪ್ರಾಣ. "ನಿಮ್ಮಪ್ಪ ಇದನ್ನ ನಂಗೇ ಕೊಟ್ಬಿಟ್ಟಿದ್ರಮ್ಮ. ನಿನ್ ಹತ್ರ ಇದ್ರೆ ಗೊಂಬೆ ಜೊತೆ ಇಟ್ಟು ಹಾಳ್ಮಾಡ್ತೀಯ" ಎಂದರು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಅದು ನನಗೇ ಎಂದಿದ್ದಿರಲ್ಲವೇ? ಜಂಗಮರು ಕೂತಿದ್ದರು, ನೆಂಟರಿದ್ದರು, ಬಾಯಿ ಮುಚ್ಚಿಕೊಂಡೆ. ಹೊಟ್ಟೆ ಉರಿಯಿತು ಅಪ್ಪಾಜಿ, ವರ್ಷವಿಡೀ ಉರಿಯಿತು.

ನವರಾತ್ರಿಯಲ್ಲಿ ಗೊಂಬೆಗಳ ಕೊನೆಯ ಮೆಟ್ಟಿಲಲ್ಲಿ ನೀವು ವಿಮಾನ ನಿಲ್ದಾಣ ಮಾಡುತ್ತಿದ್ದಿರಿ. ಮಕ್ಕಳು ಮುಟ್ಟಿ ಮುಟ್ಟಿ ಕಾನ್‌ಸ್ಟಲೇಷನ್ನಿನ ಕೆಂಪು ಗೆರೆಯೇ ಸವೆದುಹೋಯಿತು. ಸುಲ್ತಾನ್‌ಪೇಟೆಯ ನಮ್ಮ ಅಂಗಡಿಯಲ್ಲಿ ಮದುವೆ ಕಾರ್ಡಿನ ತಪ್ಪಕ್ಷರ ತಿದ್ದುತ್ತಿದ್ದಿರಲ್ಲ, ಆ ಸಣ್ಣ ಕುಂಚ ತಂದು, ಅಮ್ಮನ ನೇಲ್ ಪಾಲಿಶ್‌ನಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಗೆರೆ ಎಳೆದಿರಿ. ಅಂಕಲ್‌ರನ್ನು ಎಷ್ಟು ಸಲ ಕರೆದರೂ ಗೊಂಬೆ ನೋಡಲು ಬರಲಿಲ್ಲ. ಅದು ಹೆಂಗಸರ ವಿಷಯವಂತೆ.

ಮಾದರಿ ಕೈ ಬದಲಾಗುವಾಗ ಎಲ್ಲಿ ಅಂಟು ಹಾಕಿದೆ, ಎಲ್ಲಿ ಬಣ್ಣ ತಿದ್ದಿದೆ ಎಂದು ತಗೊಳ್ಳುವವರಿಗೆ ಹೇಳಲೇಬೇಕು. ಮಾದರಿ ವಿಮಾನ ಕೂಡಿಸುವ ನಿಮ್ಮ ಬಳಗದ ನೇಮ ಅದು. ಚಕ್ರ ಸಡಿಲವಾಗಿದ್ದರೂ ನೀವು ಒಪ್ಪಿಕೊಂಡೇ ಕೊಡುತ್ತಿದ್ದಿರಿ. ಅಂಕಲ್‌ಗೆ ನಿಜವಾಗಿ ಕೊಟ್ಟಿದ್ದರೆ ಆ ಗೆರೆಯ ವಿಷಯ ಹೇಳದೆ ಇರುತ್ತಿದ್ದಿರಾ?

ಹೋದ ಭಾನುವಾರ ಬಸವನಗುಡಿಯಲ್ಲಿ ನಿಮ್ಮ ಬಳಗದ ಪ್ರದರ್ಶನವಿತ್ತು. ನಿಮ್ಮ ವಿಮಾನ ಅಂಕಲ್ ಹೆಸರಿನ ಚೀಟಿಯ ಹಿಂದೆ ನಿಂತಿತ್ತು. ಬಣ್ಣ ಕಾರ್ಖಾನೆಯದೇನಾ ಎಂದು ಎಲ್ಲರಿಗೂ ಕೇಳುವಂತೆ ಅವರನ್ನು ಕೇಳಿದೆ.

"ನಿಮ್ಮಪ್ಪಾನೇ ಕೈಯಾರೆ ಕೊಟ್ಟಿದ್ದಮ್ಮ. ಒಂದು ಚುಕ್ಕೆನೂ ಯಾರೂ ಮುಟ್ಟಿಲ್ಲ."

ಬ್ಯಾಗಿನಿಂದ ನೇಲ್ ಪಾಲಿಶ್ ರಿಮೂವರ್‌ನಲ್ಲಿ ಅದ್ದಿದ ಹತ್ತಿ ತೆಗೆದು ಆ ಕೆಂಪು ಗೆರೆ ಒರೆಸಿಬಿಟ್ಟೆ. ಅವರು ಕೈ ಚಾಚುವಷ್ಟರಲ್ಲಿ ಹತ್ತಿ ಕೆಂಪಾಗಿತ್ತು.

"ಇದು ನಮ್ಮಮ್ಮನ ನೇಲ್ ಪಾಲಿಶ್. ಅಪ್ಪಾಜಿ ಕೊಟ್ಟಿದ್ರೆ ಇದನ್ನ ಹೇಳ್ದೇ ಕೊಡ್ತಿದ್ರಾ?"

ಬಳಗದ ಹಿರಿಯರೊಬ್ಬರು ಅಂಕಲ್ ಹೆಸರಿನ ಚೀಟಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡು, ವಿಮಾನವನ್ನು ನನ್ನ ಕೈಗಿಟ್ಟರು. ಅಂಕಲ್ ಮುಖ ನೋಡಬೇಕಿತ್ತು ನೀವು. ನಾನಂತೂ ಕಣ್ತುಂಬ ನೋಡಿದೆ. ಆಟೋದಲ್ಲಿ ಬರುವಾಗ ಮಾತ್ರ, ಒರೆಸಿದ್ದು ನಿಮ್ಮ ಕೈ ಎಳೆದ ಗೆರೆಯಲ್ಲವೇ ಎಂದು ಹೊಳೆದು, ಹತ್ತಿಯನ್ನು ಎಸೆಯಲಾಗಲಿಲ್ಲ.

ಇವತ್ತು ಬೆಳಿಗ್ಗೆ ಅವರೇ ಗೇಟಿನ ಹತ್ತಿರ ಬಂದಿದ್ದರು. ಭಾನುವಾರದಿಂದ ಬಳಗದವರು ಯಾರೂ ಫೋನ್ ಎತ್ತುತ್ತಿಲ್ಲವಂತೆ, ಏನೋ ತಪ್ಪು ತಿಳುವಳಿಕೆ ಎಂದು ನಾನೊಂದು ಮಾತು ಹೇಳಬೇಕಂತೆ. "ನಾನೂ ನಿಮ್ಮಪ್ಪಾನೂ ಮೂವತ್ತು ವರ್ಷದ ಸ್ನೇಹಿತರಮ್ಮ" ಎಂದರು. ಕಣ್ಣಲ್ಲಿ ನೀರಿತ್ತು, ಸುಳ್ಳು ಹೇಳಲಾರೆ.

ನೀವಿದ್ದಿದ್ದರೆ ಒಳಗೆ ಕರೆದು, ಕಾಫಿ ಕೊಟ್ಟು, ವಿಮಾನವನ್ನೂ ಕೊಟ್ಟು ಕಳಿಸುತ್ತಿದ್ದಿರಿ. ಅದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಅವರನ್ನು ಗೇಟಿನಿಂದಲೇ ಕಳಿಸಿ, ಬಾಗಿಲು ಹಾಕಿ ಬಂದ ಮೇಲೆ ನಿಮಗೆ ಬರೆಯುತ್ತಿದ್ದೇನೆ.