ಸೈರನ್ ಕೂಗಿದರೆ ಒಳಗಿರಿ

ಚರ್ ಕಾಶ್‌ದಿಯಾ, ಪದ್ಮಾ ದಂಡೆ
ಅಕ್ಟೋಬರ್ ೧೨

ನನ್ನ ತಮ್ಮ ಟುಕುವಿಗೆ ನಿನ್ನ ಅಕ್ಕ, ನಿನ್ನ ಬುಬು ಮಾಡುವ ಸಾವಿರ ದುವಾ.

ನಿನ್ನ ಉದ್ದನೆಯ ಮೆಸೇಜು ಬಂದು ತಿಂಗಳು ದಾಟಿತು. ಉತ್ತರ ಬರೆಯದಿದ್ದದ್ದಕ್ಕೆ ಬೈಯಬೇಡ. ಬೈದರೂ ರಷ್ಯಾದಿಂದ ಇಲ್ಲಿಗೆ ಕೇಳಿಸದು. ಫೋನಿನಲ್ಲೇ ಹೇಳೋಣವೆಂದರೆ ನಮ್ಮದು ತಗಡಿನ ಗೋಡೆ, ಅಮ್ಮನ ಕಿವಿ ಇನ್ನೂ ಚುರುಕಾಗಿದೆ. ನಿನ್ನ ಜೊತೆ ಓದುವ ಶಮ್ಸುಲ್ ರಜೆ ಮುಗಿಸಿ ನಾಳೆ ಹೊರಡುತ್ತಾನಂತೆ. ಅವನ ಕೈಯಲ್ಲಿ ಈ ಪತ್ರ, ಜೊತೆಗೆ ಒಂದು ಡಬ್ಬಿ ಮಾವಿನಕಾಯಿ ಆಚಾರ್ ಕಳಿಸುತ್ತಿದ್ದೇನೆ. ಡಬ್ಬಿ ಅರ್ಧ ಖಾಲಿಯಾಗಿ ತಲುಪಿದರೆ ಯಾರ ಕುತ್ತಿಗೆಪಟ್ಟಿ ಹಿಡಿಯಬೇಕೆಂದು ನಿನಗೆ ಗೊತ್ತು.

ಅಬ್ಬಾನ ಚಲ್ಲೀಸಾ ಮೊನ್ನೆ ಮುಗಿಯಿತು. ನಲವತ್ತನೆಯ ದಿನಕ್ಕೆ ಇಷ್ಟು ಜನ ಸೇರುತ್ತಾರೆಂದು ನಾನು ಎಣಿಸಿರಲಿಲ್ಲ. ನಮ್ಮ ಯಜಮಾನರು, ನಿನ್ನ ದುಲಾಭಾಯಿ, ಪಕ್ಕದ ಮನೆಗಳಿಂದ ಹಂಡೆ ತಂದು ಅಂಗಳದಲ್ಲಿ ಖಿಚುಡಿ ಬೇಯಿಸಿದರು. ತಳ ಸ್ವಲ್ಪ ಹತ್ತಿತ್ತು. ಯಾರೂ ಏನೂ ಅನ್ನಲಿಲ್ಲ, ಅವರೇ ಹತ್ತು ಸಲ ಹೇಳಿಕೊಂಡು ಎಲ್ಲರಿಗೂ ಗೊತ್ತಾಗುವ ಹಾಗೆ ಮಾಡಿದರು. ಹೊಳೆ ನಡುವಿನ ದಿಬ್ಬದಿಂದ, ಚರ್‌ನಿಂದ, ಎರಡು ದೋಣಿ ತುಂಬ ಜನ ಬಂದಿದ್ದರು. ಎಂಬತ್ತೆಂಟರ ಪ್ರವಾಹದಲ್ಲಿ ತಮ್ಮನ್ನು ಸೂರಿನ ಮೇಲಿಂದ ಇಳಿಸಿ ತಂದವನು ಅಬ್ಬಾ ಎಂದು ಮುದುಕಿಯರು ನನ್ನ ಕೈ ಹಿಡಿದುಕೊಂಡು ಅತ್ತರು. ನಾನೂ ಅತ್ತೆ. ನೀನು ಇರಬೇಕಿತ್ತು ಎಂದು ಎಲ್ಲರೂ ಅಂದರು, ರಜೆ ಕೊಡಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದೆ.

ನನ್ನ ಹೊಲಿಗೆ ಅಂಗಡಿ ಹೇಗೋ ನಡೆಯುತ್ತಿದೆ. ರಷ್ಯಾದವರು ಮೊದಲಿನಷ್ಟು ಇಲ್ಲ. ಅಣುವಿದ್ಯುತ್ ಸ್ಥಾವರ ಕಟ್ಟುವ ಕೆಲಸ ಮುಗಿದಂತೆಲ್ಲ ಒಂದೊಂದೇ ಕುಟುಂಬ ಗಂಟುಮೂಟೆ ಕಟ್ಟುತ್ತಿದೆ. ಅವರ ಭಾಷೆಯಲ್ಲಿ ಬೋರ್ಡು ಬರೆಸಿಕೊಂಡ ಕ್ಷೌರದಂಗಡಿಯವನು ಈಗ ಅದರ ಕೆಳಗೆ ನಮ್ಮ ಅಕ್ಷರದಲ್ಲೂ ಬರೆಸಿದ್ದಾನೆ. ನನಗೂ ಅವರ ಪ್ಯಾಂಟು ಹೊಲಿದು ಹೊಲಿದು ಅಭ್ಯಾಸವಾಗಿ, ಮೊನ್ನೆ ನಮ್ಮ ಮೌಲಾನಾರ ಪೈಜಾಮಾವನ್ನು ಒಂದು ಗೇಣು ಹೆಚ್ಚೇ ಉದ್ದ ಕತ್ತರಿಸಿಬಿಟ್ಟೆ. ‘ಮಗಳೇ, ನಾನು ಇನ್ನು ಬೆಳೆಯೋ ವಯಸ್ಸಿನೋನಲ್ಲ’ ಅಂದರು. ಅಬ್ಬಾ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ. ಆ ದಿನ ಏನಾಯಿತು, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಬುಬು ನೀನೇ ಹೇಳು ಅಂದೆಯಲ್ಲ.

ತಾಲೀಮು ಇದೆಯೆಂದು ಊರಿಗೆ ಗೊತ್ತಿರಲಿಲ್ಲ ಎಂದು ಯಾರಾದರೂ ನಿನಗೆ ಹೇಳಿದ್ದರೆ ಅದು ಸುಳ್ಳು. ವಾರಪೂರ್ತಿ ಆಟೋದಲ್ಲಿ ಮೈಕು ಕಟ್ಟಿಕೊಂಡು ತಿರುಗಿದರು. ಹಳದಿ ಅಂಗಿ ತೊಟ್ಟ ಸ್ವಯಂಸೇವಕರು ಮನೆಮನೆಗೆ ಬಂದರು. ನಮ್ಮ ಬೀದಿಗೆ ಬಂದವಳು ಕಮ್ಮಾರರ ಮನೆಯ ಮೌಸುಮಿ, ನಿನಗಿಂತ ಎರಡು ತರಗತಿ ಕೆಳಗೆ ಓದುತ್ತಿದ್ದವಳು. ಸ್ಥಾವರದಲ್ಲಿ ಎಂದಾದರೂ ಏನಾದರೂ ಆದರೆ ಏನು ಮಾಡಬೇಕೆಂದು ಅಭ್ಯಾಸ, ಅಷ್ಟೇ. ಸೈರನ್ ಕೂಗಿದರೆ ಒಳಗಿರಿ, ಬಾಗಿಲು ಕಿಟಕಿ ಮುಚ್ಚಿ, ಹೊರಗಿಟ್ಟ ನೀರು ಕುಡಿಯಬೇಡಿ, ಮೈಕಿನಲ್ಲಿ ಹೇಳುವವರೆಗೆ ಕದಲಬೇಡಿ. ಅಮ್ಮ ಅವಳಿಗೆ ಮಂಡಕ್ಕಿ ಕೊಟ್ಟು, ಎಲ್ಲದಕ್ಕೂ ತಲೆಯಾಡಿಸಿ, ಆಮೇಲೆ ನನ್ನನ್ನು ಕೇಳಿದಳು: ‘ಅಪಾಯ ಬಂದಾಗ ಮನೆ ಒಳಗೆ ಕೂತ್ಕೊಳ್ಳೋರು ಯಾರೇ?’

ನಮ್ಮ ಕಥೆ ನಿನಗೆ ಗೊತ್ತಲ್ಲ. ಪದ್ಮಾ ದಂಡೆಯಲ್ಲಿ ಅಪಾಯ ಅಂದರೆ ದಂಡೆ ಕುಸಿಯುವುದು. ಮಸೀದಿಯಿಂದ ಕೂಗು ಬಂತೆಂದರೆ ಮೊದಲು ಮಕ್ಕಳು ಮುದುಕರು ಹೊರಗೆ, ಆಮೇಲೆ ಅಕ್ಕಿ, ಆಮೇಲೆ ತಗಡು. ಒಳಗೆ ಉಳಿದವನು ಹೊಳೆ ಪಾಲು. ನಾನು ಹುಟ್ಟಿದ ಮನೆ, ನೀನು ಹುಟ್ಟಿದ ಮನೆ ಎರಡೂ ಈಗ ನೀರಿನಡಿ ಇವೆ. ಅಷ್ಟು ವರ್ಷ ಮೈಯಲ್ಲಿ ಇಳಿದದ್ದು ಒಂದು ವಾರದ ಮೈಕಿಗೆ ಹೋಗುತ್ತದೆಯೇ?

ಬೆಳಿಗ್ಗೆ ಹತ್ತರ ಸುಮಾರಿಗೆ ಸೈರನ್ ಕೂಗಿತು. ಅದೇನು ಕೂಗು ಅಂತೀಯ, ಎದೆಯೊಳಗೆ ಕೈ ಹಾಕಿದ ಹಾಗೆ. ಊರಿಗೆ ಊರೇ ಹೊರಗೆ ಬಂತು. ಹಾಸಿಗೆ, ಮೇಕೆ, ಕೋಳಿ ಬುಟ್ಟಿ. ಪಕ್ಕದ ಮನೆಯ ಜುಬೇರ್ ಏಣಿ ಹಾಕಿ ಸೂರಿನ ತಗಡು ಬಿಚ್ಚುವುದಕ್ಕೇ ಶುರು ಮಾಡಿದ. ಮೌಸುಮಿ ಬೀದಿಯಲ್ಲಿ ನಿಂತು ಗಂಟಲು ಹರಿಯುವಂತೆ ‘ಒಳಗೆ ಹೋಗಿ, ಒಳಗೆ ಹೋಗಿ’ ಅಂತ ಕೂಗುತ್ತಿದ್ದಳು. ಜುಬೇರ್ ಮೇಲಿಂದ, ‘ಒಳಗೆ ಅಂದ್ರೆ ಎಲ್ಲಿಗೆ ತಾಯಿ? ಸೂರು ನನ್ನ ಕೈಲಿದೆ’ ಅಂದ. ಅಮ್ಮ ಖುರಾನನ್ನು ಎದೆಗವಚಿಕೊಂಡು ಅಕ್ಕಿ ಚೀಲ ಎಳೆಯುತ್ತಿದ್ದಳು. ನಾನು ಪ್ಲಗ್ಗು ಕಿತ್ತು ಹೊಲಿಗೆ ಮಿಷನ್ ಹೊತ್ತುಕೊಂಡು ಓಡಿದ್ದೆ. ಬೀದಿ ದಾಟಿದ ಮೇಲೆ ಜ್ಞಾಪಕ ಬಂತು, ಇದು ತಾಲೀಮು ಎಂದು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಾಚಿಕೆಪಟ್ಟು ನಗುತ್ತಾ ನಿಂತಾಗ ಅಬ್ಬಾ ಆಗಲೇ ಹೊಳೆಯ ಮಧ್ಯದಲ್ಲಿದ್ದರು.

ಅವರು ಕಡವಿನಲ್ಲಿ ಬಲೆ ಸರಿಮಾಡುತ್ತಿದ್ದರಂತೆ. ಕೂಗು ಕೇಳಿದ್ದೇ ಡಿಂಗಿ ದೋಣಿ ಬಿಚ್ಚಿದ್ದಾರೆ. ಭಾದ್ರ ಮಾಸದ ಹೊಳೆ, ಎರಡೂ ದಂಡೆ ತುಂಬಿ ಹರಿಯುತ್ತಿತ್ತು. ಸ್ಥಾವರದ ತಡೆಗೋಡೆಗೆಂದು ಹಾಕಿದ ಕಾಂಕ್ರೀಟ್ ದಿಮ್ಮಿಗಳ ಹತ್ತಿರ ಸುಳಿ ಎಳೆಯುತ್ತದೆ, ಅಲ್ಲಿ ದೋಣಿ ಮಗುಚಿತು. ಗೇದು ಮಾಝಿ ಚಾಚಾ ಹಿಂದಿನಿಂದ ಹುಟ್ಟು ಹಾಕುತ್ತಾ ಹೋದರೂ ಮುಟ್ಟಲಾಗಲಿಲ್ಲ. ಮಾರನೆಯ ದಿನ ಕೆಳಗಡೆ ಆಚೆ ದಂಡೆಯವರು ತಂದುಕೊಟ್ಟರು. ಮುಖಕ್ಕೆ ಏನೂ ಆಗಿರಲಿಲ್ಲ. ಇದನ್ನು ನೀನು ಕೇಳಲಿಲ್ಲ, ಆದರೆ ನಿನಗೆ ತಿಳಿಯಬೇಕು ಅನ್ನಿಸಿತು.

ಚರ್‌ನವರನ್ನು ಕರೆತರಲು ಹೋದ ಪುಣ್ಯಾತ್ಮ ಎಂದು ಜನಾಜಾದಲ್ಲಿ ಮೌಲಾನಾ ಹೇಳಿದರು. ಊರೆಲ್ಲ ಅದನ್ನೇ ಹೇಳುತ್ತದೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಸ್ಥಾವರದ ಕೆಲಸ ಬೇಡ, ಕರಾರು ಮುರಿಯುತ್ತೇನೆ, ರಷ್ಯಾದಲ್ಲೇ ಎಲ್ಲಾದರೂ ದುಡಿದುಕೊಂಡಿರುತ್ತೇನೆ, ಯಾವ ಮುಖ ಹೊತ್ತು ಬರಲಿ ಅಂತ ಬರೆದಿದ್ದೀಯ. ಓದಿ ನನಗೆ ಸಿಟ್ಟು ಬಂತು, ಟುಕು.

ನೀನು ರಜೆಗೆ ಬಂದಾಗ ಆದ ಜಗಳವನ್ನು ನಾನು ಮರೆತಿಲ್ಲ. ಸ್ಥಾವರಕ್ಕೆ ಹೋದ ನಮ್ಮ ಐದು ಬಿಘಾ ಚರ್, ಹೊಳೆ ಎತ್ತಿಕೊಟ್ಟ ನೆಲ, ಅಬ್ಬಾ ಕಾಶ ಹುಲ್ಲು ಕಡಿದು ಕಡಿದು ಮಸೂರ ಬಿತ್ತಿದ ನೆಲ. ನೀನು ಊಟಕ್ಕೆ ಕೂತವನು ಹೇಳಿದೆ: ‘ಅಬ್ಬಾ, ಆ ಐದು ಬಿಘಾದಲ್ಲಿ ನಮ್ಮೊಬ್ಬರ ಮನೆಗೆ ಬೇಳೆ ಬರ್ತಿತ್ತು. ಈಗ ಅರ್ಧ ದೇಶಕ್ಕೆ ದೀಪ ಹತ್ತುತ್ತೆ. ಹೊಗೆ ಇಲ್ಲ, ಕಲ್ಲಿದ್ದಲು ತರೋ ಗೋಳಿಲ್ಲ.’ ನೀನು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆದರೆ ಅದನ್ನು ಅವರ ತಟ್ಟೆಯ ಮುಂದೆ ಹೇಳಬಾರದಿತ್ತು. ಅಬ್ಬಾ ಕೈ ತೊಳೆದು ಎದ್ದು, ‘ಅಲ್ಲಿ ಕೆಲಸಕ್ಕೆ ಕಾಲಿಟ್ಟ ದಿನದಿಂದ ಈ ಹೊಸ್ತಿಲಿಗೆ ಬರಬೇಡ’ ಅಂದರು. ಆಮೇಲೆ ಎರಡು ವರ್ಷ ನೀನು ಫೋನು ಮಾಡಿದಾಗೆಲ್ಲ ಎದ್ದು ಹೊರಗೆ ಹೋದರು. ಅವರ ಎದುರು ನಿನ್ನ ಹೆಸರೆತ್ತುವ ಧೈರ್ಯ ನನಗೂ ಇರಲಿಲ್ಲ, ಅಮ್ಮನಿಗೂ ಇರಲಿಲ್ಲ.

ಆದರೂ ನಾನು ಹೇಳುವುದು ಕೇಳು. ಚೈತ್ರದ ಬೇಗೆಯಲ್ಲಿ ಕರೆಂಟು ಹೋಗಿ ಹೋಗಿ, ಈದ್ ಬಟ್ಟೆಗಳು ಅರ್ಧಕ್ಕೆ ನಿಂತು, ಗಿರಾಕಿಗಳ ಕೈಲಿ ನಾನು ತಿಂದ ಬೈಗುಳ ನಿನಗೆ ಗೊತ್ತಿಲ್ಲ. ಜ್ವರ ಬಂದ ಕೂಸಿಗೆ ಬೀಸಣಿಗೆ ಬೀಸುತ್ತಾ ಬೆಳಗು ಮಾಡಿದ ತಾಯಂದಿರನ್ನು ಕೇಳು, ಕರೆಂಟು ಬೇಕೋ ಬೇಡವೋ ಎಂದು. ನನಗೆ ಬೇಕು. ಸ್ಥಾವರ ಬಂದಾಯಿತು, ನೀನು ಬರದಿದ್ದರೆ ಅದೇನು ಮುಚ್ಚಿಕೊಂಡು ಹೋಗುವುದಿಲ್ಲ. ಅಲ್ಲಿ ಒಬ್ಬ ಹೊಳೆದಂಡೆಯ ಹುಡುಗ ಕೂತಿದ್ದರೆ, ಸೈರನ್ ಕೂಗಿದಾಗ ನಮ್ಮ ಜನ ಯಾವ ಕಡೆ ಓಡುತ್ತಾರೆಂದು ಮೊದಲೇ ಹೇಳುತ್ತಿದ್ದ. ಒಳಗಿರಿ ಅನ್ನುವುದಕ್ಕೆ ಮುಂಚೆ, ದಂಡೆ ಕುಸಿಯುತ್ತಿಲ್ಲ ಅನ್ನುತ್ತಿದ್ದ. ಆ ಒಂದು ಮಾತು ಯಾರಿಗೂ ಹೊಳೆಯಲಿಲ್ಲ. ಮೌಸುಮಿಗೂ ಹೊಳೆಯಲಿಲ್ಲ, ನನಗೂ ಇಲ್ಲ.

ಅಮ್ಮನ ವಿಷಯ. ಅವಳು ಮೊದಲು, ‘ಅವನು ಅಲ್ಲಿ ದುಡಿದು ತಂದ ಅನ್ನ ನನ್ನ ಗಂಟಲಲ್ಲಿ ಇಳಿಯಲ್ಲ’ ಅಂದದ್ದು ನಿಜ. ಅದನ್ನು ನಿನಗೆ ಯಾರು ತಲುಪಿಸಿದರೋ ಅವರ ನಾಲಿಗೆಗೆ ಹುಣ್ಣಾಗಲಿ. ಆದರೆ ಚಲ್ಲೀಸಾದ ದಿನ ನಡೆದದ್ದನ್ನೂ ಕೇಳು. ಹೆಂಗಸರ ಪಂಕ್ತಿಯ ಕೊನೆಗೆ ಮೌಸುಮಿ ಬಂದು ನಿಂತಳು. ಆ ದಿನದಿಂದ ಅವಳು ಬೀದಿಗೆ ಬಂದಿರಲಿಲ್ಲ. ಯಾರೂ ಜರುಗಿ ಜಾಗ ಕೊಡಲಿಲ್ಲ. ಅಮ್ಮ ಸೌಟು ಹಿಡಿದುಕೊಂಡೇ ಹೋಗಿ ಅವಳನ್ನು ಕೈಹಿಡಿದು ಕೂರಿಸಿ ತಟ್ಟೆ ತುಂಬ ಬಡಿಸಿದಳು. ‘ತಿನ್ನು ಮಗಳೇ. ನೀನು ಒಳಗಿರಿ ಅಂತಾನೇ ಕೂಗಿದ್ದೆ. ನಾನೂ ಕೇಳಲಿಲ್ಲ’ ಅಂದಳು. ಆ ಹುಡುಗಿ ತುತ್ತು ಬಾಯಿಗಿಡಲಾಗದೆ ಅತ್ತಳು. ಅವಳಿಗೆ ಅನ್ನ ಹಾಕಿದವಳು ನಿನಗೆ ಬಾಗಿಲು ಹಾಕುತ್ತಾಳೆಯೇ? ಬಾಯಿಬಿಟ್ಟು ಬಾ ಅನ್ನಲಾರಳು, ನಮ್ಮ ಮನೆಯಲ್ಲಿ ಯಾರಿಗೂ ಅದು ಬರುವುದಿಲ್ಲ. ನಿನ್ನ ಕಂಬಳಿಯನ್ನು ಮಾತ್ರ ನಿನ್ನೆ ಬಿಸಿಲಿಗೆ ಹಾಕಿದ್ದಳು.

ಚಳಿಗಾಲದವರೆಗೆ ಮುಂದುವರಿಸಿದ ನಿನ್ನ ತರಬೇತಿ ಮುಗಿದ ಕೂಡಲೇ ಬಾ. ಅಬ್ಬಾನ ಗೋರಿಗೆ ಒಂದು ಹಿಡಿ ಮಣ್ಣು ನಿನ್ನ ಕೈಯಿಂದ ಬೀಳಬೇಕು. ಹೊಟ್ಟೆ ತುಂಬ ಉಣ್ಣು, ಹಿಮದಲ್ಲಿ ತಲೆಗೆ ಟೋಪಿ ಹಾಕಿಕೋ, ನಮಾಜು ತಪ್ಪಿದರೂ ನಿದ್ದೆ ತಪ್ಪಿಸಬೇಡ. ಅಲ್ಲಾಹು ನಿನ್ನನ್ನು ಕಣ್ಣಿನ ಹಾಗೆ ಕಾಯಲಿ.

ನಿನ್ನ ಬುಬು,
ಹಾಸ್ನಾಹೇನಾ

ಮರೆತು ಉಳಿದದ್ದು: ಮರೆತದ್ದಲ್ಲ, ಟುಕು. ಪತ್ರ ಮಡಚಿ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ನಿನಗೆ ಹೇಳಬಾರದು ಅಂತಲೇ ಇದ್ದೆ. ಆದರೆ ನಿನ್ನ ಮೆಸೇಜಿನ ಕೊನೆಯಲ್ಲಿ ‘ಅಬ್ಬಾ ನನ್ನನ್ನು ಮನಸ್ಸಿನಿಂದ ತೆಗೆದುಹಾಕಿಯೇ ಹೋದರು’ ಅಂತ ಬರೆದಿದ್ದೀಯಲ್ಲ, ಅದನ್ನು ಸುಳ್ಳೆಂದು ತಿಳಿದೂ ಸುಮ್ಮನಿರಲು ನನ್ನಿಂದಾಗದು.

ನೀನು ಬರುವುದು ಚಳಿಗಾಲಕ್ಕೆ ಹೋಯಿತೆಂದು ನನಗೆ, ಅಮ್ಮನಿಗೆ ಗೊತ್ತಿತ್ತು. ಅಬ್ಬಾಗೆ ಯಾರು ಹೇಳಬೇಕು? ಅವರು ಯಾರನ್ನೂ ಕೇಳದೆ ತಮ್ಮಷ್ಟಕ್ಕೆ ತಾವೇ ಲೆಕ್ಕ ಇಟ್ಟುಕೊಂಡಿದ್ದರು. ಶ್ರಾವಣದಲ್ಲಿ ತರಬೇತಿ ಮುಗಿಸಿದ ನಿಮ್ಮ ಮೊದಲ ತಂಡದವರು ಬಸ್ಸಿನಲ್ಲಿ ಬಂದು ಸ್ಥಾವರದ ವಸತಿಗೆ ಇಳಿದರು. ಅದರಲ್ಲಿ ನೀನೂ ಬಂದಿದ್ದೀಯ, ತಮ್ಮ ಮಾತಿಗೆ ಕಟ್ಟುಬಿದ್ದು ಮನೆಗೆ ಬರದೆ ಅಲ್ಲೇ ಉಳಿದಿದ್ದೀಯ ಅಂತ ಅಬ್ಬಾ ತಿಳಿದಿದ್ದರು. ಕೆಲಸದ ಪಾಳಿ ಬಿಡುವ ಹೊತ್ತಿಗೆ ದಿನಾ ಗೇಟಿನ ಎದುರಿನ ಚಹಾದಂಗಡಿಯಲ್ಲಿ ಹೋಗಿ ಕೂರುತ್ತಿದ್ದರಂತೆ, ಹೊರಗೆ ಬರುವವರ ಮುಖ ನೋಡುತ್ತಾ. ಇದೆಲ್ಲ ನನಗೆ ಗೊತ್ತಾದದ್ದು ಗೇದು ಚಾಚಾರಿಂದ, ಚಲ್ಲೀಸಾ ಮುಗಿದು ಎಲ್ಲರೂ ಹೋದ ಮೇಲೆ. ಅಮ್ಮನಿಗೆ ಹೇಳಿಲ್ಲ.

ಅಬ್ಬಾ ಚರ್ ಕಡೆ ಹೋಗಲಿಲ್ಲ, ಟುಕು. ಡಿಂಗಿಯ ಮೂತಿ ಸ್ಥಾವರದ ಕಡೆಗಿತ್ತು. ‘ಏಯ್, ಎಲ್ಲಿಗೆ ಹೊರಟೆ? ಚರ್ ಈ ಕಡೆ ಇದೆ’ ಅಂತ ಗೇದು ಚಾಚಾ ಕೂಗಿದ್ದಕ್ಕೆ ಅವರು ಹುಟ್ಟು ನಿಲ್ಲಿಸದೆ ಹೇಳಿದರಂತೆ:

‘ಒಳಗೆ ನನ್ನ ಹುಡುಗ ಇದಾನೆ. ಮನೆಗೆ ಬರಬೇಡ ಅಂತ ಅಂದೋನು ನಾನೇ. ನಾನೇ ಹೋಗಿ ಕರೀದಿದ್ರೆ ಅವನು ಬರಲ್ಲ.’