ಕರಿ ಪೆಟ್ಟಿಗೆಯ ಧರ್ಮಶಾಲೆ

ಆಳಂದ
೧೯ ಏಪ್ರಿಲ್ ೨೦೨೬, ಭಾನುವಾರ

ಮಧೂ,

ಅಕ್ಷರ ನೋಡಿದ ಕೂಡಲೇ ಇದು ಯಾರ ಪತ್ರವೆಂದು ನಿನಗೆ ಗೊತ್ತಾಗಿರುತ್ತದೆ. ಕಾಗೆ ಕಾಲು, ಗುಬ್ಬಿ ಕಾಲು ಎಂದು ಹಂಗಿಸುತ್ತಿದ್ದವಳು ನೀನೇ ಅಲ್ಲವೆ? ಹರಿದು ಒಲೆಗೆ ಹಾಕುವುದಿದ್ದರೆ ಹಾಕು, ಆದರೆ ಮೊದಲು ಇದರ ಜೊತೆಗಿರುವ ಪೊಟ್ಟಣ ಬಿಚ್ಚು. ಅದರಲ್ಲಿರುವುದು ನಿನ್ನ ಡಿಸ್ಕ್. ಹೌದು, ಹೈದರಾಬಾದಿನದು. ನಿನ್ನ ಅವ್ವ ಚಂದಮ್ಮನವರ ದನಿ ಅದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ನನ್ನ ಕನಸಿಗೆ ಈಗಲೂ ನಾವಿಬ್ಬರೂ ಕೂತು ಕೆಲಸ ಮಾಡುತ್ತಿದ್ದ ಆ ಪ್ರಯೋಗಾಲಯದ ಕೋಣೆಯೇ ಬರುತ್ತದೆ. ಹೊರಗೆ ಹೈದರಾಬಾದಿನ ಬಿಸಿಲು, ಒಳಗೆ ಶಾಲು ಹೊದೆಯುವಷ್ಟು ತಂಪು. ಮೇಜಿನ ಮೇಲೆ ಅಗಲ ಒಂದಡಿ, ಎತ್ತರ ಒಂದಡಿ ಇರುವ ಕರಿ ಪೆಟ್ಟಿಗೆ. ಆ ಕಂಪ್ಯೂಟರಿನ ಹೆಸರು ನೆಕ್ಸ್ಟ್, ನಾವು ಮಾತ್ರ ಕರೆಯುತ್ತಿದ್ದದ್ದು ಕರೆವ್ವ ಎಂದು. ಪರದೆಯಲ್ಲಿ ಬಣ್ಣವಿಲ್ಲ. ಕಪ್ಪು, ಬಿಳಿ, ನಡುವೆ ಎರಡು ಬಗೆಯ ಬೂದಿ, ಅಷ್ಟೆ. ಚಳಿಗಾಲದ ಬೆಳಗಿನಲ್ಲಿ ತೊಗರಿ ಹೊಲದ ಮೇಲೆ ಮಂಜು ಕೂತ ಹಾಗೆ ಕಾಣುತ್ತಿತ್ತು. ಕನಸಿನಲ್ಲಿ ನೀನು ಡಿಸ್ಕನ್ನು ಎದೆಗವಚಿಕೊಂಡು ಒಳಗೆ ಬರುತ್ತೀ, ಪೆಟ್ಟಿಗೆ ಬೀಸುಕಲ್ಲಿನ ಹಾಗೆ ಗರಗರ ಎನ್ನುತ್ತದೆ, ನೀನು ನನ್ನ ಕಡೆ ತಿರುಗುವಷ್ಟರಲ್ಲಿ ಎಚ್ಚರವಾಗುತ್ತದೆ.

ಆ ಯಂತ್ರದ ರೀತಿಯೇ ಬೇರೆ ಇತ್ತು. ಅದರಲ್ಲಿ ಯಾರದೂ ಏನೂ ಇರುತ್ತಿರಲಿಲ್ಲ. ನಮ್ಮ ಕೆಲಸ, ನಮ್ಮ ಪತ್ರ, ನಮ್ಮ ಚಿತ್ರ ಎಲ್ಲ ಅಂಗೈಗಿಂತ ತುಸು ದೊಡ್ಡದಾದ ಡಿಸ್ಕಿನಲ್ಲಿ. ಅದನ್ನು ಜೋಳಿಗೆಯಲ್ಲಿ ಹಾಕಿಕೊಂಡು ತಿರುಗುತ್ತಿದ್ದೆವು. ನೀನು ನಿನ್ನದನ್ನು ಹಾಕಿದರೆ ಕರೆವ್ವ ನಿನ್ನವಳು, ನಾನು ನನ್ನದನ್ನು ಹಾಕಿದರೆ ನನ್ನವಳು. “ಇದು ಧರ್ಮಶಾಲಿ ಅದ ಬೇ, ಯಾರು ಬಂದ್ರ ಅವರ್ದು,” ಎಂದು ನೀನು ನಗುತ್ತಿದ್ದೆ. ಮೈಕಿನಲ್ಲಿ ಮಾತಾಡಿ ಆ ಮಾತನ್ನೇ ಪತ್ರದಲ್ಲಿ ಕೂರಿಸಿ ಕಳಿಸಬಹುದು ಎಂದು ಗೊತ್ತಾದ ದಿನ ನಮಗೆ ಊಟ ಸೇರಲಿಲ್ಲ. ಈಗ ನಮ್ಮ ಮನೆಗೆಲಸದ ಗುರಮ್ಮ ಮೊಬೈಲನ್ನು ತುಟಿಗೆ ಹಚ್ಚಿಕೊಂಡು ಸೊಸೆಗೆ ದಿನಕ್ಕೆ ಹತ್ತು ಸಲ ದನಿ ಕಳಿಸುತ್ತಾಳೆ. ಅವಳು ನೋಡುವ ಈ ಇಂಟರ್ನೆಟ್ಟಿನ ಜಾಲ ಮೊದಲು ಹುಟ್ಟಿದ್ದೂ ಅಂಥದೇ ಕರಿ ಪೆಟ್ಟಿಗೆಯಲ್ಲಿ, ಯುರೋಪಿನಲ್ಲೆಲ್ಲೋ. ಯಾರೂ ಬಂದ್ ಮಾಡಬಾರದೆಂದು ಅದರ ಮೇಲೆ ಚೀಟಿ ಅಂಟಿಸಿದ್ದರಂತೆ. ಹೇಳಿದರೆ ಗುರಮ್ಮ ನಂಬುವುದಿಲ್ಲ. “ನೀವು ಬಿಡ್ರಿ ಬಾಯಾರ, ಎಲ್ಲಾ ನೋಡೀರಿ ಅಂತೀರಿ,” ಎನ್ನುತ್ತಾಳೆ.

ಆ ಯುಗಾದಿಯ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ತೊಂಬತ್ತೆರಡು. ನಾನೇ ಹಟ ಮಾಡಿ ನಿನ್ನನ್ನು ಆಳಂದಕ್ಕೆ ಕರೆತಂದೆ. ಬಸ್ಸಿನಲ್ಲಿ ನೀನು ಜೋಳಿಗೆ ತಟ್ಟಿ, “ವಾಪಸ್ ಹೋದ ಮ್ಯಾಲೆ ನಿನಗೊಂದು ಕೇಳಸೋದದ,” ಎಂದಿದ್ದೆ. ಏನೆಂದು ಎಷ್ಟು ಕಾಡಿದರೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ನಿನಗೆ ಬೇರೆ ಲೋಟದಲ್ಲಿ, ಮೇಲಿನಿಂದ ನೀರು ಹೊಯ್ದರು. ನಿನ್ನ ಊಟ ಮುಗಿದ ಮೇಲೆ ನಮ್ಮಮ್ಮ ಜಾನಕೀಬಾಯಿ ನಿನ್ನ ಮುಖ ಸಹ ನೋಡದೆ ನನಗೆ ಹೇಳಿದಳು: “ಆಕಿಗೆ ತಾಟು ಹಿತ್ತಲದಾಗ ತೊಳದಿಡಲಿಕ್ಕೆ ಹೇಳು.” ನಾನು ಹೇಳಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಮಜ್ಜಿಗೆ ಅನ್ನ ಕಲಸುತ್ತಾ ಕೂತೆ. ನೀನೇ ಎದ್ದು ಹೋಗಿ ತೊಳೆದೆ, ಹಿತ್ತಲಿನಿಂದ ಆ ನೀರಿನ ಸದ್ದು ಕೇಳಿಸಿತು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನೀನು ಮೊದಲ ಬಸ್ಸಿಗೆ ಹೋಗಿಬಿಟ್ಟಿದ್ದೆ. ಹಿಂದಿನ ದಿನ ಗೋಡೆಯ ಮಾಡದಲ್ಲಿ ಎರಡು ಡಿಸ್ಕ್ ಅಕ್ಕಪಕ್ಕ ಇದ್ದವು, ನೋಡಲಿಕ್ಕೆ ಒಂದೇ ಥರ. ಅವಸರದಲ್ಲಿ ನೀನು ನನ್ನದನ್ನು ಒಯ್ದಿದ್ದೆ. ಅದು ನನಗೆ ಯಾವಾಗ ತಿಳಿಯಿತೆಂದು ಈಗಲೇ ಕೇಳಬೇಡ.

ನೀನು ಪ್ರಯೋಗಾಲಯಕ್ಕೂ ಮರಳಿ ಬರಲಿಲ್ಲ. ಅಫಜಲಪುರದಲ್ಲಿ ಕೆಲಸ ಹಿಡಿದೆ ಎಂದು ಯಾರೋ ಹೇಳಿದರು. ಕೆಲವೇ ತಿಂಗಳಲ್ಲಿ ಆ ಯಂತ್ರಗಳೂ ಹೋದವು. ಅಮ್ಮ ಈಗಿಲ್ಲ. ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಿ ಬಹಳ ವರ್ಷ ಹಗುರಾಗಿದ್ದೆ. ಆದರೆ ಅವತ್ತು ನಿನ್ನ ಗೆಳತಿಯಾಗಿ ಅಲ್ಲಿ ಕೂತಿದ್ದವಳು ನಾನು. ನನಗೆ ನಾಚಿಕೆಯಾಗುತ್ತದೆ ಮಧೂ.

ಹೋದ ಅಕ್ಟೋಬರಿನಲ್ಲಿ ಪರೀಕ್ಷೆಯ ಕೆಲಸಕ್ಕೆ ಜೇವರ್ಗಿಗೆ ಹೋಗಿದ್ದೆ. ಲ್ಯಾಪ್‌ಟಾಪ್ ಕೈಕೊಟ್ಟಿತೆಂದು ಫರ್ದೀನ ಎಂಬವನ ರಿಪೇರಿ ಅಂಗಡಿಗೆ ಹೋದರೆ, “ಕೂಡ್ರಿ ಮೇಡಂ,” ಎಂದು ಅವನು ನನ್ನ ಮುಂದೆ ಸರಿಸಿದ್ದು ಏನನ್ನು ಗೊತ್ತೇ? ಕರೆವ್ವನನ್ನು! ಮೇಲೆ ಚಹಾ ಲೋಟದ ಗುಂಡನೆಯ ಕಲೆಗಳು. ನಾನು ನಿಂತೇ ಇದ್ದೆ. ಹೈದರಾಬಾದಿನ ಗುಜರಿಯಿಂದ ಪರದೆ, ಕೀಲಿಮಣೆ ಸಮೇತ ತಂದದ್ದಂತೆ. “ಒಡದು ಮಾರಾಕ ಮನಸಾಗ್ಲಿಲ್ರಿ, ಭಾಳ ಖೂಬಸೂರತ್ ಅದ,” ಎಂದ. ನಮ್ಮದೇ ಇರಲಿಕ್ಕಿಲ್ಲ ಬಿಡು. ಆದರೂ ನಿನ್ನ ಬಳೆ ಗೀರಿದ ಗುರುತು ಹಿಂದೆ ಇದೆಯೋ ಎಂದು ಬಗ್ಗಿ ನೋಡಿದೆ. ಇರಲಿಲ್ಲ.

ಡಿಸ್ಕ್ ಓದುವ ಭಾಗ ಧೂಳು ಕುಡಿದು ಸತ್ತಿತ್ತು. ಫರ್ದೀನ ನಾಲ್ಕು ತಿಂಗಳು ಅದರ ಬೆನ್ನು ಬಿಡಲಿಲ್ಲ. ಫೆಬ್ರವರಿಯಲ್ಲಿ ಫೋನ್ ಮಾಡಿದ. ನನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗಿದ್ದ ನಿನ್ನ ಡಿಸ್ಕನ್ನು ಒಯ್ದು ಕೊಟ್ಟೆ. ಅದೇ ಗರಗರ, ಅದೇ ಬೂದಿ ಬೆಳಗು, ಪರದೆಯ ಮೇಲೆ ನಿನ್ನ ಹೆಸರು. ಕಳಿಸದೆ ಉಳಿದ ಒಂದು ದನಿಪತ್ರ, ನನ್ನ ಹೆಸರಿಗೆ. ಅವನು ಒತ್ತಲು ಹೋದ. ನಾನು ತಡೆದೆ, ಇದು ನನ್ನದಲ್ಲ ಎಂದೆ. ಅಲ್ಲಿ ನಾನು ಅದನ್ನು ಕೇಳಲಿಲ್ಲ, ಆಣೆಗೂ ಇಲ್ಲ.

ಆಗಲೇ ನಿನಗೆ ಬರೆಯಬಹುದಿತ್ತು. ಬರೆಯಲಿಲ್ಲ. ಮೊನ್ನೆ ನನ್ನ ವಿದ್ಯಾರ್ಥಿನಿ ಭಾಗ್ಯಾ ಬಂದಿದ್ದಳು. ಅವಳು ನಿಮ್ಮ ಭೂಸನೂರಿನವಳೇ. ಅಂಬೇಡ್ಕರ್ ಜಯಂತಿಯಲ್ಲಿ ನೀನು ಮಾತಾಡಿದೆಯಂತೆ. ಅವ್ವ ಹೋಗಿ ಎಂಟು ವರ್ಷವಾಯಿತು ಎಂದು ಹೇಳುತ್ತಾ, “ಮುಖ ಫೋಟೋದಾಗ ಅದ, ದನಿ ಮಾತ್ರ ಮರೀಲಾಕತ್ತೇನಿ,” ಎಂದೆಯಂತೆ. ಅದನ್ನು ಕೇಳಿದ ಮೇಲೆ ಈ ಡಿಸ್ಕ್ ನನ್ನ ಮನೆಯಲ್ಲಿರುವುದು ಕಳ್ಳಮಾಲು ಇಟ್ಟುಕೊಂಡ ಹಾಗಾಯಿತು. ಭಾಗ್ಯಾಳ ಕೈಯಲ್ಲೇ ಕಳಿಸುತ್ತಿದ್ದೇನೆ. ಫರ್ದೀನನ ನಂಬರು ಪೊಟ್ಟಣದ ಮೇಲಿದೆ. ಕರೆವ್ವನನ್ನು ಒರೆಸಿ ಇಟ್ಟಿದ್ದಾನೆ, ಈಗ ಯಾರನ್ನೂ ಅದರ ಮೇಲೆ ಕೂಡಿಸುವುದಿಲ್ಲ. ನೀನು ಹೋದರೆ ಅಂಗಡಿಯ ಬಾಗಿಲು ಮುಚ್ಚಿಕೊಡುತ್ತಾನೆ, ಒಬ್ಬಳೇ ಕೂತು ಕೇಳು.

ನೀನು ನನ್ನ ಜೊತೆ ಮತ್ತೆ ಒಂದು ಮಾತಾಡಿದರೆ ಸಾಕೆಂಬ ಆಸೆ ನನಗಿದೆ. ಆದರೆ ಡಿಸ್ಕಿಗೂ ಅದಕ್ಕೂ ಗಂಟು ಹಾಕುವುದಿಲ್ಲ. ಇದು ನಿನ್ನದು, ಹಿಂದಿರುಗಿಸಿದ್ದೇನೆ.

ನಿನ್ನವಳು ಎಂದು ಬರೆಯಲು ಧೈರ್ಯ ಸಾಲದ,
ಅಮಿತಾ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಜೇವರ್ಗಿಯಲ್ಲಿ ಕೇಳಲಿಲ್ಲ ಎಂದದ್ದು ನಿಜ. ಕೇಳುವ ಅಗತ್ಯ ಇರಲಿಲ್ಲ, ನನಗದು ಬಾಯಿಪಾಠ. ಯುಗಾದಿ ಮುಗಿಸಿ ಹೈದರಾಬಾದಿಗೆ ಹೋದ ದಿನವೇ ಡಿಸ್ಕ್ ಹಾಕಿದೆ, ನಿನ್ನ ಹೆಸರು ಬಂತು, ನನ್ನ ಹೆಸರಿನ ಪತ್ರ ಕಂಡಿತು, ಒತ್ತಿಬಿಟ್ಟೆ. ಯುಗಾದಿಗೆ ಮೊದಲು ನಾನು ಆಳಂದಕ್ಕೆ ಹೋಗಿದ್ದ ಒಂದು ಭಾನುವಾರ ನಿಮ್ಮವ್ವ ರೊಟ್ಟಿ ಗಂಟು ಹೊತ್ತು ಹೈದರಾಬಾದಿಗೆ ನಿನ್ನನ್ನು ನೋಡಲು ಬಂದಿದ್ದರಲ್ಲ, ಅವತ್ತಿನದು.

ಮೊದಲು ನಿಮ್ಮವ್ವ: “ಅಮಿತಾಬಾಯಾರ, ನಮ್ಮನಿಗಿ ಬರ್ರಿ.” ಹಿಂದಿನಿಂದ ನೀನು: “ಬರ್ರಿ ಅನಬ್ಯಾಡ ಅವ್ವಾ. ಬಾ ಅನ್ನು. ನನ್ನ ವಾರಿಗಿಯಾಕಿ ಅದಾಳ.” ಇಬ್ಬರೂ ನಗುತ್ತೀರಿ. ಆಮೇಲೆ ಅವರು: “ಯವ್ವಾ ಅಮಿತಾ, ಬುದ್ಧ ಪೂರ್ಣಿಮಾಕ್ಕ ಬಾ. ಹೊಸಾ ಬೆಲ್ಲ ಹಾಕಿ ಖೀರು ಮಾಡ್ತೇನಿ. ದಾರಿ ತಿಳೀಲಿಲ್ಲಂದ್ರ ಯಾರಿಗರೆ ಕೇಳು, ಚಂದಮ್ಮನ ಮನಿ ಅಂದ್ರ ತೋರಸ್ತಾರ.”

ಆ ಪೂರ್ಣಿಮೆಗೆ ನಾನು ಭೂಸನೂರಿಗೆ ಬಂದಿದ್ದೆ ಮಧೂ. ಬಸ್ಸಿಳಿದು ಬೇವಿನ ಮರದ ಕೆಳಗೆ ನಿಂತೆ. ದಾರಿ ಕೇಳಿದರೆ, ಆ ಓಣಿಯಲ್ಲಿ ನಿನಗೇನು ಕೆಲಸ ಎಂದು ಯಾರಾದರೂ ಕೇಳಿಯಾರು ಎಂದು ಹೆದರಿ, ಅದೇ ಬಸ್ಸು ತಿರುಗಿ ಬಂದಾಗ ಹತ್ತಿದೆ. ಹಿತ್ತಲಿನ ತಾಟಿಗಿಂತ ದೊಡ್ಡ ತಪ್ಪು ಅದು, ನಿನಗೆ ಗೊತ್ತೇ ಇರಲಿಲ್ಲ.

ಈ ಸಲ ಪೂರ್ಣಿಮೆ ಮೇ ಒಂದಕ್ಕೆ. ಆ ದಿನ ನೀನು ಭೂಸನೂರಿನ ಮನೆಯಲ್ಲೇ ಖೀರು ಮಾಡುತ್ತೀ ಎಂದು ಭಾಗ್ಯಾ ಹೇಳಿದಳು. ನೀನು ಕರೆದಿಲ್ಲ, ಕರೆಯಬೇಕೆಂದೂ ಇಲ್ಲ, ಬಾಗಿಲು ತೆರೆಯುವುದು ಬಿಡುವುದು ನಿನಗೆ ಸೇರಿದ್ದು. ನನ್ನನ್ನು ನಿಮ್ಮವ್ವ ಕರೆದಿದ್ದಾರೆ. ನಾನು ಬರುತ್ತೇನೆ. ಭಾಗ್ಯಾ ಮನೆ ತೋರಿಸುತ್ತೇನೆ ಎಂದಳು, ಬೇಡ ಎಂದೆ. ದಾರಿ ಕೇಳಿಕೊಂಡೇ ಬರುತ್ತೇನೆ.